ದಪ್ಪಕ್ಷರ ಮಾಡಿದರೆ ಶೀರ್ಷಿಕೆಯಾಗುವುದಿಲ್ಲ

ತಾಲ್ಲೂಕುವಾರು ಮಳೆಯ ಲೆಕ್ಕವನ್ನು ಕೋಷ್ಟಕವಾಗಿಸಿ ವೆಬ್ ಪುಟಕ್ಕೆ ಏರಿಸುವುದು ಕೆಲವು ವರ್ಷಗಳಿಂದ ನನ್ನ ಪಾಲಿನ ಕೆಲಸ. ಎಡಕ್ಕೆ ತಾಲ್ಲೂಕಿನ ಹೆಸರು, ಮೇಲೆ ಪೂರ್ವ ಮುಂಗಾರು, ಮುಂಗಾರು, ಹಿಂಗಾರು, ಅವುಗಳಡಿ ವಾಡಿಕೆ ಮಳೆ ಮತ್ತು ಬಿದ್ದ ಮಳೆ. ಮೊದಲ ಸಲ ಎಲ್ಲ ಚೌಕಗಳನ್ನೂ ಪುಟದ ಕೋಡ್‌ನಲ್ಲಿ ಸಾಮಾನ್ಯ ಚೌಕಕ್ಕೆ ಹಾಕುವ ಟಿಡಿ (td) ಎಂಬ ಒಂದೇ ಟ್ಯಾಗಿನಲ್ಲಿ ಬರೆದು, ಮೇಲಿನ ಸಾಲನ್ನು ದಪ್ಪಕ್ಷರ ಮಾಡಿ, ಹಿಂದೆ ತಿಳಿನೀಲಿ ಬಳಿದು, ಕೆಲಸ ಮುಗಿಯಿತೆಂದು ಎದ್ದುಬಿಟ್ಟಿದ್ದೆ. ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರು ಅದನ್ನು ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್‌ನಲ್ಲಿ ನನ್ನೆದುರೇ ಓದಿಸಿದರು. ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿ ಒತ್ತಿ ಚೌಕದಿಂದ ಚೌಕಕ್ಕೆ ಹೋದಂತೆಲ್ಲ ಕೇಳಿಸಿದ್ದು ಸಾಲಿನ ಸಂಖ್ಯೆ, ಕಾಲಂ ಸಂಖ್ಯೆ ಮತ್ತು ಬರಿಯ ಅಂಕಿ. "ಇದು ಯಾವ ಊರಿನ ಮಳೆ ಸಾರ್?" ಎಂದು ಅವರು ಕೇಳಿದರು.

ದಪ್ಪಕ್ಷರವೂ ಬಣ್ಣವೂ ಕಣ್ಣಿಗೆ ಮಾತ್ರ ಶೀರ್ಷಿಕೆ. ಯಂತ್ರಕ್ಕೆ ಅದು ಶೀರ್ಷಿಕೆಯೆಂದು ತಿಳಿಯಬೇಕಾದರೆ ಆ ಚೌಕವನ್ನು ಟಿಎಚ್ (th) ಎಂಬ ಶೀರ್ಷಿಕೆಯ ಟ್ಯಾಗಿನಿಂದ ಗುರುತಿಸಿ, ಅದು ಕಾಲಂಗೆ ಸೇರಿದ್ದೋ ಸಾಲಿಗೆ ಸೇರಿದ್ದೋ ಎಂಬುದನ್ನು ಆ ಟ್ಯಾಗಿಗೆ ಸೇರಿಸುವ ಸ್ಕೋಪ್ (scope) ಎಂಬ ಗುರುತಿನಲ್ಲಿ ಹೇಳಬೇಕು. ಇದೇನು ನಿನ್ನೆ ಮೊನ್ನೆ ಬಂದದ್ದಲ್ಲ. 1997ರ ಡಿಸೆಂಬರ್‌ನಲ್ಲಿ ಹೊರಬಂದ, ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ 4.0 ಆವೃತ್ತಿಯಲ್ಲೇ ಸ್ಕೋಪ್ ಇತ್ತು. ವೆಬ್ ಪುಟಗಳು ಅಂಗವಿಕಲರಿಗೂ ಎಟುಕುವಂತಿರಲು ರೂಪಿಸಿದ ಮಾರ್ಗಸೂಚಿಯಾದ 2008ರ ಡಬ್ಲ್ಯುಸಿಎಜಿ 2.0 ಕೂಡ ಇಂಥ ಸಂಬಂಧಗಳನ್ನು ಕೋಡ್‌ನಲ್ಲೇ ತಿಳಿಸಬೇಕೆಂಬ ನಿಯಮವನ್ನು ತನ್ನ ಮೊದಲ ಹಂತವಾದ 'ಎ'ಯಲ್ಲಿಯೇ ಇಟ್ಟಿದೆ.

ಮೇಲಿನ ಸಾಲನ್ನು ಸರಿಪಡಿಸುವವರೂ ಎಡಗಡೆಯ ಕಾಲಂ ಅನ್ನು ಮರೆಯುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್ ಬಳಸುವವರಲ್ಲಿ ಈ ತಪ್ಪು ನಡೆಯುವ ಬಗೆ ಸ್ವಾರಸ್ಯಕರವಾಗಿದೆ. ಸಾಲುಗಳಿಗೆ ಪಾಂಡಾಸ್ ತಾನೇ ಕೊಡುವ ಸೊನ್ನೆ, ಒಂದು, ಎರಡು ಎಂಬ ಗುರುತು, ಅಂದರೆ ಇಂಡೆಕ್ಸ್, ಅಂದಗೆಡಿಸುತ್ತದೆಂದು ಅದನ್ನು ಫಾಲ್ಸ್ (ಬೇಡ) ಮಾಡಿ ಎಚ್‌ಟಿಎಂಎಲ್‌ಗೆ ಇಳಿಸಿದರೆ, ತಾಲ್ಲೂಕಿನ ಹೆಸರು ಉಳಿದ ಅಂಕಿಗಳಂತೆಯೇ ಟಿಡಿಯಾಗಿ ಬಂದು ಕೂರುತ್ತದೆ. ಅದರ ಬದಲು ತಾಲ್ಲೂಕಿನ ಕಾಲಂ ಅನ್ನೇ ಇಂಡೆಕ್ಸ್ ಮಾಡಿಕೊಂಡರೆ ಪ್ರತಿ ಹೆಸರೂ ಟಿಎಚ್ ಆಗುತ್ತದೆ. ಸ್ಕೋಪ್ ಅನ್ನು ಮಾತ್ರ ಆಮೇಲೆ ನಾವೇ ಸೇರಿಸಬೇಕು. ನಾನು ಅದಕ್ಕೆಂದೇ ನಾಲ್ಕು ಸಾಲಿನ ಸ್ಕ್ರಿಪ್ಟ್ ಇಟ್ಟುಕೊಂಡಿದ್ದೇನೆ.

ಕೋಷ್ಟಕದ ಹೆಸರಿನ ಕಥೆಯೂ ಹೀಗೆಯೇ. ಮೊದಲ ಸಾಲಿನ ಚೌಕಗಳನ್ನೆಲ್ಲ ಒಂದುಗೂಡಿಸಿ ಅದರಲ್ಲಿ ಹೆಸರು ಬರೆಯುವ ಎಕ್ಸೆಲ್ ಕಾಲದ ಚಾಳಿ ನಮ್ಮನ್ನು ಬಿಟ್ಟಿಲ್ಲ. ಟೇಬಲ್ ಟ್ಯಾಗಿನ ಒಳಗೆ, ಎಲ್ಲಕ್ಕಿಂತ ಮೊದಲು ಕ್ಯಾಪ್ಷನ್ ಎಂಬ ಟ್ಯಾಗಿನಲ್ಲಿ ಆ ಹೆಸರು ಬರೆದರೆ, ಕೇಳುವವರು ಒಳಹೊಕ್ಕ ಕೂಡಲೇ ಅದು ಯಾವುದರ ಕೋಷ್ಟಕವೆಂದು ತಿಳಿಯುತ್ತದೆ. ಇಂಗ್ಲಿಷ್ ಪುಟದ ನಡುವೆ ಕನ್ನಡದ ಕೋಷ್ಟಕವಿದ್ದರೆ ಅದಕ್ಕೆ ಕನ್ನಡದ ಭಾಷಾ ಗುರುತನ್ನೂ ಹಾಕಬೇಕು. ಇಲ್ಲವಾದರೆ ತೀರ್ಥಹಳ್ಳಿಯನ್ನು ಇಂಗ್ಲಿಷ್ ದನಿ ಹೇಗೆ ಉಚ್ಚರಿಸೀತೆಂಬುದನ್ನು ಒಮ್ಮೆ ಕೇಳಿಯೇ ನೋಡಬೇಕು!

ಎರಡು ಅಂತಸ್ತಿನ ಶೀರ್ಷಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. 'ಮುಂಗಾರು' ಎಂಬುದು ತನ್ನ ಕೆಳಗಿನ ಎರಡು ಕಾಲಂಗಳಿಗೂ ಸೇರಿದ್ದೆಂದು ಹೇಳಲು ಕೋಲ್‌ಗ್ರೂಪ್ ಎಂಬ ಸ್ಕೋಪ್ ಇದೆ ನಿಜ, ಆದರೆ ಎಲ್ಲ ಸ್ಕ್ರೀನ್ ರೀಡರ್‌ಗಳೂ ಅದನ್ನು ಒಂದೇ ರೀತಿ ಓದುವುದಿಲ್ಲ. ಎಲ್ಲವೂ ಒಂದೇ ಹಾಳೆಯಲ್ಲಿರಲಿ ಎಂಬುದು ಮೇಲಿನವರ ಹಟ. ಈ ವರ್ಷ ಅವರನ್ನು ಒಪ್ಪಿಸಿ, ಮೂರು ಹಂಗಾಮಿಗೆ ಮೂರು ಸರಳ ಕೋಷ್ಟಕಗಳನ್ನು ಮಾಡಿದ್ದೇನೆ. ಆ ಸಹೋದ್ಯೋಗಿ ಮೊನ್ನೆ ಹಿಂಗಾರಿನದನ್ನು ಓದಿಸಿಕೊಂಡು, ಎರಡು ತಾಲ್ಲೂಕುಗಳ ಅಂಕಿ ಅದಲು ಬದಲಾಗಿರುವುದನ್ನು ಪತ್ತೆಮಾಡಿ ನನಗೆ ತಿದ್ದಲು ಹೇಳಿದರು.