ಲೈಸೆನ್ಸು ಅಳಿಯನದು, ಹಮಾಲಿ ನಮ್ಮದು

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ವಿಕೇಂದ್ರಿತ ಸ್ಟ್ರೀಮಿಂಗ್ ಜಾಲವೊಂದರ ನೋಡ್ ಲೈಸೆನ್ಸನ್ನು (ನೋಡ್ ಎಂದರೆ ಜಾಲದ ಕೆಲಸಕ್ಕೆ ಹಚ್ಚಿದ ಒಂದೊಂದು ಕಂಪ್ಯೂಟರು) ಅವನು ತನ್ನ ಉಳಿತಾಯದ ಹಣದಿಂದ ಕೊಂಡ. ಅದನ್ನು ನಡೆಸುವ ಕಂಪ್ಯೂಟರು ಮಾತ್ರ ಕಲಬುರಗಿಯ ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತಿತು. ಅವನಿದ್ದ ಪಿ.ಜಿ. ಕೋಣೆಯಲ್ಲಿ ಹಗಲುರಾತ್ರಿ ಓಡುವ ಯಂತ್ರವನ್ನಿಡಲು ಮಾಲೀಕರು ಒಪ್ಪಲಿಲ್ಲ; ನಮ್ಮಲ್ಲಾದರೋ ಫೈಬರ್ ಇಂಟರ್ನೆಟ್, ಇನ್ವರ್ಟರ್ ಮತ್ತು ಯಾರಿಗೂ ಇಲ್ಲವೆನ್ನಲು ಬಾರದ ಸೋದರಮಾವ, ಈ ಮೂರೂ ಸೌಲಭ್ಯಗಳು ಒಂದೇ ಸೂರಿನಡಿ ಲಭ್ಯವಿದ್ದವು.

ಯಂತ್ರವನ್ನು ಜೋಡಿಸುತ್ತಲೇ ಅವನು ನನಗೆ ಪಾಠ ಹೇಳಿದ. ನಾವು ಮೊಬೈಲಿನಲ್ಲಿ ನೋಡುವ ವಿಡಿಯೊ ಇಡಿಯಾಗಿ ಬರುವುದಿಲ್ಲವಂತೆ; ಅದನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ವೇಗದ ಇಂಟರ್ನೆಟ್ ಇದ್ದವರಿಗೆ 1080, ಸಾಧಾರಣದವರಿಗೆ 720, ಬಡವರಿಗೆ 360 ಎಂದು ಬೇರೆ ಬೇರೆ ಅಳತೆಗಳಲ್ಲಿ ಮರುರೂಪಿಸಿ ಕಳಿಸುತ್ತಾರಂತೆ. ಈ ಕೆಲಸವನ್ನು ದೊಡ್ಡ ಕಂಪನಿಗಳು ತಮ್ಮ ದತ್ತಾಂಶ ಕೇಂದ್ರಗಳಲ್ಲಿ ಮಾಡುತ್ತವೆ. ವಿಕೇಂದ್ರಿತ ಜಾಲದಲ್ಲಿ ಅದನ್ನು ಸಾಮಾನ್ಯರ ಕಂಪ್ಯೂಟರುಗಳು ಹಂಚಿಕೊಂಡು ಮಾಡಿ, ಪ್ರತಿಯಾಗಿ ಟೋಕನ್ ಎಂಬ ಡಿಜಿಟಲ್ ನಾಣ್ಯ ಪಡೆಯುತ್ತವೆ. 2017ರಲ್ಲಿ ಆರಂಭವಾದ ಲೈವ್‌ಪೀರ್, 2019ರಲ್ಲಿ ತನ್ನದೇ ಬ್ಲಾಕ್‌ಚೈನ್ (ಹಲವು ಕಂಪ್ಯೂಟರುಗಳು ಹಂಚಿಕೊಂಡು ಇಡುವ ಲೆಕ್ಕದ ಖಾತೆ) ನಡೆಸತೊಡಗಿದ ಥೀಟಾ ಮುಂತಾದವು ಈ ದಾರಿಯಲ್ಲಿ ಮುಂದೆ ನಡೆದವು. ಲೈವ್‌ಪೀರ್‌ನಲ್ಲಿ ಟೋಕನ್ ಒತ್ತೆಯಿಟ್ಟು ಕೆಲಸ ಪಡೆಯಬೇಕು. ಥೀಟಾದ ಸಾಧಾರಣ ಎಡ್ಜ್ ನೋಡನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ನಡೆಸಬಹುದು. ನಮ್ಮ ಅಳಿಯ ಇವೆರಡನ್ನೂ ಬಿಟ್ಟು, ಲೈಸೆನ್ಸನ್ನು ಹಂತ ಹಂತವಾಗಿ ಮಾರುತ್ತ ಪ್ರತಿ ಹಂತಕ್ಕೂ ಬೆಲೆ ಏರಿಸುವ ಮೂರನೆಯದೊಂದನ್ನು ಹುಡುಕಿಕೊಂಡಿದ್ದ. ಬೇಗ ಕೊಂಡವರಿಗೆ ಅಗ್ಗ ಎಂಬ ಮಾತಿನಲ್ಲಿ ಎಂಥ ಶಕ್ತಿಯಿದೆ ಎಂಬುದು ಸೀರೆ ಅಂಗಡಿಯವರಿಗೆ ಮೊದಲೇ ತಿಳಿದಿತ್ತು.

ನಾನು ತೊಗರಿಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನಾದ್ದರಿಂದ ನನಗೆ ಇದು ನಮ್ಮ ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಮಾಲರ ಲೈಸೆನ್ಸಿನಂತೆ ಕಂಡಿತು. ಅಲ್ಲಿಯೂ ಮಾರುಕಟ್ಟೆ ಸಮಿತಿಯಿಂದ ಲೈಸೆನ್ಸ್ ಪಡೆದವನಿಗಷ್ಟೇ ಚೀಲ ಹೊರುವ ಹಕ್ಕು. ವ್ಯತ್ಯಾಸವೆಂದರೆ, ತೊಗರಿಯ ಸುಗ್ಗಿ ಬಂದಾಗ ಗಂಜಿನಲ್ಲಿ ಚೀಲ ಬಂದೇ ಬರುತ್ತವೆ. ಈ ಜಾಲದಲ್ಲಿ ಹೊರಲು ಸಿದ್ಧರಾದವರು ಸಾವಿರಾರು ಮಂದಿಯಿದ್ದು, ವಿಡಿಯೊ ನೋಡುವವರೇ ವಿರಳವಾಗಿದ್ದರು. ಹಾಗಾದರೆ ದಿನವೂ ಖಾತೆಗೆ ಬೀಳುವ ಟೋಕನ್ ಎಲ್ಲಿಯದು ಎಂದು ಕೇಳಿದೆ. ಅದನ್ನು ಜಾಲವೇ ಹೊಸದಾಗಿ ಟಂಕಿಸಿ, ದಿನಕ್ಕೆ ಕನಿಷ್ಠ ಆರು ತಾಸು ಎಚ್ಚರವಿದ್ದ ನೋಡುಗಳಿಗೆಲ್ಲ ಹಂಚುತ್ತದೆ ಎಂದ. ಅಂದರೆ ಇದು ಚೀಲ ಹೊತ್ತದ್ದಕ್ಕಲ್ಲ, ಗಂಜಿನಲ್ಲಿ ನಿಂತದ್ದಕ್ಕೆ ಕೊಡುವ ಕೂಲಿ. ಎಲ್ಲರಿಗೂ ಹಾಗೆ ಹಂಚುತ್ತ ಹೋದರೆ ಆ ಟೋಕನ್ನಿನ ಬೆಲೆ ಏನಾದೀತು ಎಂದು ನಾನು ಕೇಳಿದ್ದಕ್ಕೆ, "ಮಾಮಾ, ನೀವು ಬರೀ ಹಳೇ ಕಾಲದ ಲೆಕ್ಕ ಮಾಡ್ತೀರಿ" ಎಂದು ಅವನು ಸ್ಕ್ರೂಡ್ರೈವರ್ ಎತ್ತಿಕೊಂಡ.

ಮೊದಲ ತೊಡಕು ಇಂಟರ್ನೆಟ್ಟಿನದು. ನಮ್ಮ ಕಡೆಯಿಂದ ಹೊರಗೆ ಹೋಗುವ ದಾರಿ ಸರಿಯಿದ್ದರೂ, ಹೊರಗಿನ ಜಾಲಕ್ಕೆ ನಮ್ಮ ಕಂಪ್ಯೂಟರು ಕಾಣುತ್ತಿರಲಿಲ್ಲ. ನಮ್ಮ ಓಣಿಯ ಹತ್ತಾರು ಮನೆಗಳಿಗೆ ಸೇರಿಸಿ ಒಂದೇ ಐ.ಪಿ. ವಿಳಾಸ ಕೊಡಲಾಗಿತ್ತು. ಸ್ವಂತ ವಿಳಾಸ ಬೇಕಾದರೆ ತಿಂಗಳಿಗೆ ಬೇರೆ ದುಡ್ಡು ಎಂದು ಕೇಬಲ್ಲಿನ ಹುಡುಗ ಹೇಳಿ, "ಸಾಹೇಬ್ರ, ಮನ್ಯಾಗ ಸಿಸಿಟಿವಿ ಹಾಕ್ಲಾಕತ್ತೀರೇನ್ರಿ?" ಎಂದು ವಿಚಾರಿಸಿದ. ಹೌದೆಂದುಬಿಟ್ಟೆ. ವಿಕೇಂದ್ರಿತ ಜಾಲವನ್ನು ಮೆಟ್ಟಿಲ ಮೇಲೆ ನಿಂತು ವಿವರಿಸುವ ಶಕ್ತಿ ನನಗಿರಲಿಲ್ಲ.

ಆಮೇಲೆ ಬೇಸಿಗೆ ಬಂತು. ಕಲಬುರಗಿಯ ಮೇ ತಿಂಗಳೆಂದರೆ ನಲ್ವತ್ತೆರಡು ಡಿಗ್ರಿಯನ್ನು ದಾಟಿಯೂ ಯಾರೂ ಆಶ್ಚರ್ಯಪಡದ ತಿಂಗಳು. ಕಂಪ್ಯೂಟರಿನೊಳಗೆ ವಿಡಿಯೊ ಕೆಲಸ ಮಾಡುವ ಗ್ರಾಫಿಕ್ಸ್ ಕಾರ್ಡ್ ಅತಿಯಾಗಿ ಕಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮಧ್ಯಾಹ್ನ ಚಾಪೆಯ ಮೇಲೆ ಉರುಳುವ ನಾವು ಮಾಡುವುದೂ ಅದನ್ನೇ, ಆದರೆ ನಮ್ಮ ಬಗ್ಗೆ ಬೆಂಗಳೂರಿನಿಂದ ಯಾರೂ ಫೋನ್ ಮಾಡಿ ವಿಚಾರಿಸಲಿಲ್ಲ. ಅಳಿಯನ ಸೂಚನೆಯಂತೆ ಮಲಗುವ ಕೋಣೆಯ ಕೂಲರನ್ನು ಪಡಸಾಲೆಗೆ ಎಳೆದು, ತೇವದ ಗಾಳಿ ನೇರವಾಗಿ ಬಡಿದರೆ ಯಂತ್ರಕ್ಕೆ ಕೇಡೆಂದು ಒಂದಿಷ್ಟು ಓರೆಯಾಗಿ ನಿಲ್ಲಿಸಿದೆವು. ನಲ್ಲಿಯ ನೀರು ಬರುವ ದಿನ ಕಾದು ತುಂಬಿಸಿಟ್ಟ ಡ್ರಮ್ಮಿನಿಂದ ಕೊಡ ಕೊಡವಾಗಿ ನೀರು ಕೂಲರಿನ ಹೊಟ್ಟೆ ಸೇರಿತು. ನಮ್ಮ ಅವ್ವ ಕೊಡ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಮನಷ್ಯಾರಿಗಿ ಫ್ಯಾನು, ಡಬ್ಬಿಗಿ ಕೂಲರು" ಎಂದಳು.

ಆರು ತಾಸಿನ ನಿಯಮ ನೋಡಲು ಸಣ್ಣದು, ಬಾಳಿಸಲು ದೊಡ್ಡದು. ಜಾಲದ ದಿನ ನಮ್ಮ ದಿನದಂತೆ ನಡುರಾತ್ರಿಗೆ ಮುಗಿಯುವುದಿಲ್ಲ. ಅದು ಸಾರ್ವತ್ರಿಕ ಸಮಯವನ್ನು ಅನುಸರಿಸುವುದರಿಂದ ನಮ್ಮ ಬೆಳಗಿನ ಐದೂವರೆಗೆ ಲೆಕ್ಕ ಮುಚ್ಚುತ್ತದೆ. ಹೀಗಾಗಿ ಕರೆಂಟು ಹೆಚ್ಚು ಸಲ ಹೋದ ದಿನದ ಮರುದಿನ, ಕತ್ತಲಿರುವಾಗಲೇ ಅಳಿಯನ ಫೋನು ಬರುತ್ತಿತ್ತು: "ಮಾಮಾ, ಇನ್ನ ಅರ್ಧ ತಾಸು ಕಮ್ಮಿ ಬಿದ್ದಾದ, ಜರಾ ನೋಡ್ರಿ." ನೋಡಿದರೆ ಇನ್ವರ್ಟರು ಕೆಂಪು ದೀಪ ತೋರಿಸುತ್ತ ಒಂದೇ ಸಮನೆ ಕೂಗುತ್ತಿರುತ್ತಿತ್ತು. ಒಮ್ಮೆಯಂತೂ ಕರೆಂಟು ಹೋಗಿ, ಬ್ಯಾಟರಿಯ ಮೇಲೆ ನೋಡ್ ಇನ್ನೇನು ಆರು ತಾಸು ಪೂರೈಸಲಿದೆ ಎನ್ನುವಾಗ ಅವ್ವ ಅದೇ ಲೈನಿಗೆ ಮಿಕ್ಸರ್ ಚುಚ್ಚಿದಳು. ಓವರ್‌ಲೋಡ್ ಆಗಿ ಇನ್ವರ್ಟರು, ನೋಡ್, ಪಡಸಾಲೆಯ ದೀಪ ಒಟ್ಟಿಗೇ ನಂದಿದವು. ಒಂದು ಕೇಂದ್ರವಿಲ್ಲದ್ದರಿಂದ ಈ ಜಾಲವನ್ನು ಯಾರೂ ನಿಲ್ಲಿಸಲಾಗದು ಎಂದು ಅಳಿಯ ಹೇಳಿದ್ದನ್ನು ಅವ್ವ ಕೇಳಿಸಿಕೊಂಡಿರಲಿಲ್ಲ.

ಇವೆಲ್ಲವನ್ನೂ ಮೀರಿಸಿದ್ದು ಕರೆಂಟು ಬಿಲ್ಲು. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟಿನಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ಅಂದಿನಿಂದ ಬಂದ ಸೊನ್ನೆ ಬಿಲ್ಲುಗಳನ್ನು ಅವ್ವ ದೇವರ ಜಗಲಿಯ ಪಕ್ಕದ ಮೊಳೆಗೆ ಪೋಣಿಸಿ ಇಟ್ಟಿದ್ದಳು. ಈಗ ಲೆಕ್ಕ ನೋಡಿ: ನೂರೈವತ್ತು ವ್ಯಾಟಿನ ಕಂಪ್ಯೂಟರು ದಿನವಿಡೀ ಓಡಿದರೆ 3.6 ಯೂನಿಟ್, ತಿಂಗಳಿಗೆ 108. ಆರು ತಾಸು ಸಾಕಲ್ಲವೇ ಎಂದರೆ, ಇಡೀ ದಿನ ಎಚ್ಚರವಿದ್ದರೆ ವಿಡಿಯೊ ತುಣುಕುಗಳೂ ಬಂದಾವು ಎಂಬ ಆಸೆ ಅಳಿಯನಿಗೆ. ಯೋಜನೆಯಲ್ಲಿ ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಿನ ಯೂನಿಟ್ಟಿಗಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನಮ್ಮ ಮನೆಯ ಬಳಕೆ, ಕೂಲರು, ನೋಡ್ ಮೂರೂ ಸೇರಿ ಆ ಗೆರೆಯನ್ನು ಸಲೀಸಾಗಿ ದಾಟಿದವು. ಮೀಟರ್ ಓದಲು ಬಂದವನು ಚೀಟಿಯನ್ನು ಹರಿದು ಕೊಡುವ ಮುನ್ನ ಒಳಗೊಮ್ಮೆ ಇಣುಕಿ, "ಅಮ್ಮಾರ, ಮನ್ಯಾಗ ಹಿಟ್ಟಿನ ಗಿರಣಿ ಹಾಕೀರೇನ್ರಿ?" ಎಂದ. ಆ ತಿಂಗಳು ಬಂದ ಟೋಕನ್ನುಗಳ ಬೆಲೆ ಬಿಲ್ಲಿನ ಕಾಲುಭಾಗವನ್ನೂ ಮುಟ್ಟಲಿಲ್ಲ. ಅವ್ವ ಹೊಸ ಬಿಲ್ಲನ್ನು ಮೊಳೆಗೆ ಹಾಕಲಿಲ್ಲ. ನನ್ನ ಕೈಗೆ ಕೊಟ್ಟಳು.

ಟೋಕನ್ನುಗಳನ್ನಾದರೂ ಮಾರೋಣವೆಂದರೆ ಅಳಿಯನ ಮೊಬೈಲು ಕೆಟ್ಟಿತು. ಹೊಸ ಮೊಬೈಲಿನಲ್ಲಿ ವಾಲೆಟ್, ಅಂದರೆ ಟೋಕನ್ನುಗಳ ಡಿಜಿಟಲ್ ತಿಜೋರಿ, ತೆರೆಯಲು ಹನ್ನೆರಡು ಗುಪ್ತ ಪದಗಳು ಬೇಕು; ಅವನ್ನು ಫೋಟೊ ತೆಗೆಯಬಾರದು, ಕಾಗದದ ಮೇಲೆ ಬರೆದಿಡಬೇಕು ಎಂಬ ಬುದ್ಧಿವಾದವನ್ನು ಪಾಲಿಸಿ ಅವನು ಯುಗಾದಿಗೆ ಬಂದಾಗ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ನಮ್ಮ ಕಪಾಟಿನಲ್ಲಿಟ್ಟು ಹೋಗಿದ್ದ. ಕಪಾಟಿನಲ್ಲಿ ಹಾಳೆ ಇರಲಿಲ್ಲ. ಮನೆಯೆಲ್ಲ ಜಾಲಾಡಿದ ಮೇಲೆ ಅದು ಸಿಕ್ಕಿದ್ದು ಅಡುಗೆಮನೆಯಲ್ಲಿ, ಶೇಂಗಾ ಹಿಂಡಿಯ ಡಬ್ಬಿಯ ಕೆಳಗೆ, ನಾಲ್ಕಾಗಿ ಮಡಚಿಕೊಂಡು. ಹಿಂಡಿಯ ಎಣ್ಣೆ ಇಳಿದು ಏಳನೆಯ ಪದದ ಬಾಲ ಪೂರ್ತಿ ಕಲಸಿಹೋಗಿ, ಮೊದಲ ನಾಲ್ಕು ಅಕ್ಷರಗಳಷ್ಟೇ ಉಳಿದಿದ್ದವು. ಅದೃಷ್ಟಕ್ಕೆ ಅಷ್ಟೇ ಸಾಕಾಯಿತು. ಈ ಪದಗಳನ್ನೆಲ್ಲ ಆಯುವುದು 2048 ಪದಗಳ ಒಂದು ನಿಗದಿತ ಪಟ್ಟಿಯಿಂದ. ಅದರಲ್ಲಿ ಯಾವ ಎರಡು ಪದಗಳ ಮೊದಲ ನಾಲ್ಕು ಅಕ್ಷರಗಳೂ ಒಂದೇ ಆಗದಂತೆ ನೋಡಿಕೊಂಡಿದ್ದಾರೆ. ಆ ಪಟ್ಟಿ ಮಾಡಿದ ಮಹನೀಯರು ಶೇಂಗಾ ಹಿಂಡಿಯನ್ನು ಕಂಡಿರಲಾರರು, ಆದರೆ ಅದರಂಥದ್ದೇನನ್ನೋ ಊಹಿಸಿದ್ದರು.

ಮಾರುವ ಮುನ್ನ ತೆರಿಗೆಯ ವಿಚಾರ ಕೇಳಲು ಪರಿಚಯದ ಲೆಕ್ಕ ಪರಿಶೋಧಕರ ಬಳಿ ಹೋದೆ. 2022ರ ಏಪ್ರಿಲ್‌ನಿಂದ ಇಂಥ ಆಸ್ತಿಯ ಗಳಿಕೆಗೆ ಶೇ. 30ರ ತೆರಿಗೆ, ಅದರ ಮೇಲೆ ಸೆಸ್. ಅದೇ ಜುಲೈನಿಂದ ಮಾರುವಾಗ ಶೇ. 1ರ ಟಿ.ಡಿ.ಎಸ್., ಅಂದರೆ ಮೊದಲೇ ಮುರಿದುಕೊಳ್ಳುವ ತೆರಿಗೆ. ಕೊಂಡ ಬೆಲೆಯೊಂದನ್ನು ಬಿಟ್ಟು ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ನಾನು ಕರೆಂಟು, ಇಂಟರ್ನೆಟ್, ಕೂಲರಿನ ಹುಲ್ಲು ಎಂದು ಬರೆದೊಯ್ದಿದ್ದ ಚೀಟಿಯನ್ನು ಅವರು ಗೌರವದಿಂದಲೇ ಹಿಂದಿರುಗಿಸಿದರು. ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಹಾಕಲೂ ಬರುವುದಿಲ್ಲ, ಮುಂದಿನ ವರ್ಷಕ್ಕೆ ಒಯ್ಯಲೂ ಬರುವುದಿಲ್ಲ ಎಂದು ವಿವರಿಸಿ, "ಲಾಭದಾಗ ಸರಕಾರದ್ದು ಪಾಲು ಅದರಿ, ಲುಕ್ಸಾನ ಪೂರಾ ನಿಮ್ದ" ಎಂದು ಚಹಾ ತರಿಸಿದರು.

ಈಗ ಜಾಲದವರು ಹೊಸ ದಾರಿ ಹಿಡಿದಿದ್ದಾರೆ. 2024ರಲ್ಲಿ ಲೈವ್‌ಪೀರ್ ಮತ್ತು ಥೀಟಾ ಎರಡೂ ವಿಡಿಯೊ ಜೊತೆಗೆ ಎ.ಐ. ಲೆಕ್ಕಾಚಾರದ ಕೆಲಸಗಳನ್ನೂ ತಮ್ಮ ಯಂತ್ರಗಳಿಗೆ ಕೊಡತೊಡಗಿದವು; ನಮ್ಮ ಅಳಿಯನ ಜಾಲವೂ ಅದನ್ನೇ ಘೋಷಿಸಿದೆ. ಅದಕ್ಕೆ ಈಗಿನ ಕಾರ್ಡು ಸಾಲದು, ಇಮ್ಮಡಿ ಕರೆಂಟು ಹೀರುವ ದೊಡ್ಡ ಕಾರ್ಡು ಬೇಕು. ಅವನು ಫೋನಿನಲ್ಲಿ ಇದನ್ನೆಲ್ಲ ಹೇಳುತ್ತಿರುವಾಗ ಅವ್ವ ಕೈಚಾಚಿ ಫೋನು ಇಸಿದುಕೊಂಡು, "ಬಾ ತಮ್ಮಾ, ಹಾಕು, ನಾ ಒಲ್ಲೆ ಅನ್ನಂಗಿಲ್ಲ. ಬರಾಗ ನಿಂದೊಂದು ಮೀಟರ್ ಭೀ ತಗೊಂಡ ಬಾ" ಎಂದಳು. ಬಾಡಿಗೆ ಕರಾರಿಲ್ಲದೆ ಬೇರೆ ಮೀಟರ್ ಕೊಡುತ್ತಾರೆಯೇ ಎಂದು ಅವನು ನಿನ್ನೆಯಿಂದ ನನ್ನನ್ನೇ ವಿಚಾರಿಸುತ್ತಿದ್ದಾನೆ.