ನಳಾ ಬಂತೇನ್ರೀ?

ಹುಬ್ಬಳ್ಳಿ-ಧಾರವಾಡಕ್ಕೆಲ್ಲ ದಿನದ ಇಪ್ಪತ್ನಾಲ್ಕು ಗಂಟೆಯೂ ನಿರಂತರ ನೀರು ಕೊಡುವ ಯೋಜನೆಯ ಗಡುವು ಮತ್ತೊಮ್ಮೆ ಮುಂದಕ್ಕೆ ಹೋಗಿದೆ. ಹೋಗಲಿ ಬಿಡಿ, ಏನೋ ಒಂದು ಮುಂದಕ್ಕೆ ಹರಿಯುತ್ತಿದೆಯಲ್ಲ. ಅವಳಿ ನಗರದ ಮಾತಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಅಲ್ಲಿ ‘ನೀರು ಬಂತಾ’ ಅಂತ ಕೇಳುವುದಿಲ್ಲ, ‘ನಳಾ ಬಂತೇನ್ರೀ?’ ಅಂತಾರೆ. ಗೋಡೆಯಲ್ಲೇ ಇರುವ ನಳ ವಾರಕ್ಕೊಮ್ಮೆ ಬೀಗರ ಹಾಗೆ ಬಂದು ಹೋಗುತ್ತದೆ, ಅದೂ ರಾತ್ರಿ ಎರಡೂವರೆಗೆ.

ಬರುವ ಗತ್ತು ನೋಡಬೇಕು. ಮೊದಲು ಗಾಳಿ. ಖಾಲಿ ಪೈಪಿನ ಗಾಳಿಯನ್ನು ನೀರು ತಳ್ಳಿಕೊಂಡು ಬರುವಾಗ ಮೀಟರು ಗಿರಗಿರ ತಿರುಗುತ್ತದೆ; ಉಸಿರಿಗೂ ಬಿಲ್ಲು. ಆಮೇಲೆ ಹತ್ತು ನಿಮಿಷ ಚಹಾ ಬಣ್ಣದ ನೀರು. ಪೈಪು ಬರಿದಾಗಿದ್ದ ಅಷ್ಟೂ ದಿನ ಸವೆದ ಜಾಯಿಂಟುಗಳಿಂದ ಪಕ್ಕದ ಗಟಾರ ಒಳಗೆ ಜಿನುಗಿರುತ್ತದೆ. ಓಣಿಯ ನಾಲ್ಕು ಮನೆಯವರು ಪೈಪಿಗೇ ಮೋಟರು ಹಚ್ಚಿದರಂತೂ ಜಿನುಗುವುದೇನು ಬಂತು, ಎಳೆದೇ ತರುತ್ತಾರೆ. ತಗ್ಗಿನ ಮನೆಯ ಸಂಪು ತುಂಬಿ ರಸ್ತೆಗೆ ಹರಿಯುವ ಹೊತ್ತಿಗೆ ದಿಬ್ಬದ ಮನೆಯ ನಳ ಇನ್ನೂ ಕೆಮ್ಮುತ್ತಿರುತ್ತದೆ. ಅಷ್ಟರಲ್ಲಿ ವಾಲ್ವ್‌ಮನ್ ಕೀಲಿ ತಿರುವಿ ಸೈಕಲ್ ಹತ್ತುತ್ತಾನೆ.

ಬ್ಯಾರಲ್ಲಿನಲ್ಲಿ ಹಿಡಿದಿಟ್ಟ ನೀರಿನ ಕ್ಲೋರಿನ್ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ. ಡೆಂಗಿ ಸೊಳ್ಳೆ ಮೊಟ್ಟೆಯೊಡೆದು ರೆಕ್ಕೆ ಬಿಚ್ಚಲು ಎಂಟು-ಹತ್ತು ದಿನ ಬೇಕು. ನೀರಿನ ಪಾಳಿಯೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಕರಾರುವಾಕ್ಕಾದ ಹೊಂದಾಣಿಕೆ ಯಾವ ಎರಡು ಇಲಾಖೆಗಳ ನಡುವೆಯೂ ಕಂಡಿಲ್ಲ. ಆಮೇಲೆ ಆರೋಗ್ಯ ಸಿಬ್ಬಂದಿ ಟಾರ್ಚು ಹಿಡಿದು ಬಂದು, ನೀರು ತುಂಬಿದ್ದನ್ನೆಲ್ಲ ಬರಿದು ಮಾಡಿ ಒಣಗಿಸುವ ‘ಡ್ರೈ ಡೇ’ ವಾರಕ್ಕೊಂದು ಮಾಡಿ ಅನ್ನುತ್ತಾರೆ. ಈ ಜನ ವಾರಕ್ಕೆ ಆರು ಮಾಡುತ್ತಿದ್ದಾರೆ ಸ್ವಾಮಿ.

ನಿರಂತರ ನೀರು ಹೇಗೆ ಕೊಡಬೇಕೆಂದೇ ಗೊತ್ತಿರಲಿಲ್ಲ ಅಂದರೆ ನಕ್ಕು ಸುಮ್ಮನಾಗಬಹುದಿತ್ತು. 2004ರಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳನ್ನು ಆರಿಸಿದರು. ಹಳೇ ಪೈಪು ಬಿಟ್ಟು ಹೊಸದು ಹಾಕಿ, ಮನೆಮನೆಗೆ ಮೀಟರು ಕೂರಿಸಿ, 2008ರಲ್ಲಿ ಊರಿನ ಹತ್ತರಲ್ಲೊಂದು ಪಾಲಿಗೆ ದಿನವಿಡೀ ನೀರು ಕೊಟ್ಟರು. ಬಂತು. ಪೈಪಿನಲ್ಲಿ ಸದಾ ಒತ್ತಡವಿದ್ದರೆ ಗಟಾರ ಒಳಗೆ ನುಗ್ಗಲು ಜಾಗವಿಲ್ಲ, ಸೋರಿಕೆಯಾದರೆ ಮೀಟರಿನ ಲೆಕ್ಕದಲ್ಲೇ ಸಿಕ್ಕಿಬೀಳುತ್ತದೆ. ‘ಹಳೇ ನೀರು’ ಅಂತ ಕೊಡಗಟ್ಟಲೆ ಚೆಲ್ಲಿ ಹೊಸದು ಹಿಡಿಯುವ ಪಡಿಪಾಟಲೂ ಇಲ್ಲ. ನೀರು ಪರೀಕ್ಷಿಸಿದವರಿಗೆ ಪಾಳಿಯ ವಾರ್ಡುಗಳಿಗಿಂತ ಇಲ್ಲಿ ಕೊಳಕು ಕಡಿಮೆ ಕಂಡಿತು. ಊರೂ ಅದೇ, ಮಲಪ್ರಭೆಯೂ ಅದೇ. ಆ ವರ್ಷ ಹುಟ್ಟಿದ ಮಗು ಎಸ್ಸೆಸ್ಸೆಲ್ಸಿ ಮುಗಿಸಿತು. ಪಕ್ಕದ ವಾರ್ಡಿನ ತಾಯಿ ಈಗಲೂ ಅಲಾರಂ ಇಟ್ಟು ಮಲಗುತ್ತಾಳೆ. ಇದಕ್ಕೆ ನಾಚಿಕೆಗೇಡು ಅನ್ನದೆ ಬೇರೆ ಶಬ್ದ ಹುಡುಕುವ ತಾಳ್ಮೆ ಉಳಿದಿಲ್ಲ.

ಕೆಲಸವೇನೋ ನಡೆದಿದೆ. ಜೆಸಿಬಿ ರಸ್ತೆ ಅಗೆದಿದೆ, ಗುಂಡಿಯ ಪಕ್ಕ ಕಪ್ಪು ಪೈಪಿನ ಸುರುಳಿ ಬಿದ್ದಿದೆ, ನೀಲಿ ಪಟ್ಟೆಯ ಮೇಲೆ ಧೂಳು. ನೀರು ಯಾವಾಗ ಅಂತ ಕೇಳಿದರೆ ವಾಲ್ವ್‌ಮನ್ ಗುಂಡಿಯತ್ತ ಕೈ ತೋರಿಸುತ್ತಾನೆ: ‘ಹೊಸಾದು ಹಾಕಾಕ ಹೋಗಿ ಹಳೇ ಪೈಪ್ ಒಡದಾರ್ರೀ. ಈ ಪಾಳಿ ನಳಾ ಬರೂದಿಲ್ಲ.’