ಕೂಲಿ ಏರಲಿ, ಊಟದ ದರ ಏರಬಾರದೇ?

ಏಪ್ರಿಲ್ 1 ಬಂತೆಂದರೆ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಏರುತ್ತದೆ. ಏರಲೇಬೇಕು. ಕಲಬುರಗಿಯ 42 ಡಿಗ್ರಿ ಬಿಸಿಲಲ್ಲಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುವ ನಮ್ಮ ಖಾನಾವಳಿಯ ಅಕ್ಕಂದಿರಿಗೆ ಎಷ್ಟು ಕೊಟ್ಟರೂ ಕಡಿಮೆಯೇ. ನನ್ನ ಸಿಟ್ಟು ಅವರ ಮೇಲಲ್ಲ. ಊಟಕ್ಕೆ ಹತ್ತು ರೂಪಾಯಿ ಹೆಚ್ಚಿಸಿದ ದಿನವೇ ನಿತ್ಯದ ಗಿರಾಕಿಗಳು ಮುಖ ಗಂಟು ಹಾಕಿಕೊಂಡು ಎದ್ದು ಹೋಗುತ್ತಾರಲ್ಲ, ಅದು ಹೊಟ್ಟೆ ಉರಿಸುತ್ತದೆ! ಪುಂಡಿಪಲ್ಯ, ಶೇಂಗಾ ಹಿಂಡಿ ಎಷ್ಟು ಸಲ ಕೇಳಿದರೂ ಬಡಿಸುತ್ತೇವೆ; ಅದಕ್ಕೆ ಬೇರೆ ಲೆಕ್ಕ ಹಿಡಿದವರಲ್ಲ. 19 ಕಿಲೋ ಸಿಲಿಂಡರು, ಎಣ್ಣೆ, ಬಾಡಿಗೆ ಯಾವುದೂ ನಮ್ಮನ್ನು ಕೇಳಿ ಏರುವುದಿಲ್ಲ. ದೊಡ್ಡ ಹೋಟೆಲಿನವರು ದರಪಟ್ಟಿ ಬದಲಿಸಿದರೆ ಯಾರೂ ತುಟಿ ಬಿಚ್ಚುವುದಿಲ್ಲ. ಹಾಗಂತ ನಾನು ಕೆಲಸದ ಮೂವರಲ್ಲಿ ಒಬ್ಬರನ್ನು ಬಿಡಿಸಬೇಕೇ? ಆಗದು. ಈ ತಿಂಗಳಿಂದ ತಟ್ಟೆ ತೊಳೆಯುವುದು ನಾನೇ.